ಗೆಳೆಯರ ಜತೆ ಪ್ರಾಗ್: ಜರ್ಮನಿಯಲ್ಲಿ ಓದುವ ನಮ್ಮ ಹುಡುಗ ಹುಡುಗಿಯರಿಗೆ ಒಂದು ಸಮಗ್ರ ಮಾರ್ಗದರ್ಶಿ

ಸೆಮಿಸ್ಟರ್ ಪರೀಕ್ಷೆ ಮುಗಿದ ಕೂಡಲೇ ಜರ್ಮನಿಯ ಕನ್ನಡ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಪ್ರಶ್ನೆ. ಮೂರು-ನಾಲ್ಕು ದಿನ ಬಿಡುವಿದೆ, ದುಡ್ಡು ಕಮ್ಮಿ, ನಾಲ್ಕು ಜನ ಇದ್ದೀವಿ, ಎಲ್ಲಿಗೆ ಹೋಗೋಣ? ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್ ಅಂತ ಶುರುವಾಗುತ್ತದೆ. ಹೋಟೆಲ್ ದರ ನೋಡಿದ ಮೇಲೆ ಎಲ್ಲರೂ ಸುಮ್ಮನಾಗುತ್ತಾರೆ. ನನ್ನ ಉತ್ತರ ಯಾವಾಗಲೂ ಚೆಕ್ ದೇಶದ ರಾಜಧಾನಿ ಪ್ರಾಗ್. ಹತ್ತಿರ, ನಡೆದೇ ನೋಡಬಹುದು, ಎರಡನೇ ಮಹಾಯುದ್ಧದಲ್ಲಿ ಹೆಚ್ಚು ಹಾಳಾಗದೆ ಉಳಿದ ಹಳೇ ಊರು.

ಆದರೆ ಪ್ರಾಗ್ ಅಗ್ಗ ಅನ್ನೋದು ಅರ್ಧ ಸತ್ಯ. ಓಲ್ಡ್ ಟೌನ್ ಚೌಕದಿಂದ ಚಾರ್ಲ್ಸ್ ಸೇತುವೆಗೆ ಹೋಗುವ ಆ ಒಂದು ಬೀದಿಯಲ್ಲಿ ಬೆಳಗ್ಗೆ ಹತ್ತರ ಮೇಲೆ ಕಾಲಿಟ್ಟರೆ ನೂಕುನುಗ್ಗಲು, ಜತೆಗೆ ಜೇಬಿಗೆ ಕತ್ತರಿ. ಅದೇ ಬೀದಿ ಬೆಳಗ್ಗೆ ಆರಕ್ಕೆ ಖಾಲಿ, ಪುಕ್ಕಟೆ, ಇನ್ನೂ ಚೆಂದ. ಅದಕ್ಕೇ ಈ ಊರಿನಲ್ಲಿ ಯಾವ ಜಾಗಕ್ಕೆ ಹೋಗಬೇಕು ಅಂತ ಪಟ್ಟಿ ಮಾಡುವ ಮೊದಲು, ಎಷ್ಟು ಗಂಟೆಗೆ ಹೋಗಬೇಕು ಅಂತ ಯೋಚಿಸಿ. ಕೆಳಗಿನ ಇಡೀ ಲೆಕ್ಕಾಚಾರ ಅದರ ಮೇಲೇ ನಿಂತಿದೆ.

ಹೆಜ್ಜೆ 1: ತಾರೀಖು ಮತ್ತು ಜನ

ಶುಕ್ರವಾರ ಸಂಜೆ ತಲುಪಿ ಸೋಮವಾರ ಸಂಜೆ ಹೊರಡುವ ಹಾಗೆ ಇಟ್ಟುಕೊಳ್ಳಿ. ಕಾರಣ ಇದೆ. ಯಹೂದಿ ವಸ್ತುಸಂಗ್ರಹಾಲಯ ಶನಿವಾರ ಮುಚ್ಚಿರುತ್ತದೆ. ರಾಷ್ಟ್ರೀಯ ತಾಂತ್ರಿಕ ವಸ್ತುಸಂಗ್ರಹಾಲಯ ಸೋಮವಾರ ಮುಚ್ಚಿರುತ್ತದೆ. ಹಾಗಾಗಿ ಇವೆರಡೂ ಭಾನುವಾರಕ್ಕೇ ಬರಬೇಕು. ಶನಿವಾರ ಕೋಟೆ ಮತ್ತು ಸೇತುವೆ.

ಏಪ್ರಿಲ್-ಮೇ ಅಥವಾ ಸೆಪ್ಟೆಂಬರ್-ಅಕ್ಟೋಬರ್ ಒಳ್ಳೆಯದು. ಡಿಸೆಂಬರ್‌ನ ಕ್ರಿಸ್‌ಮಸ್ ಸಂತೆ ನೋಡೋಕೆ ಚೆಂದವೇ. ಆದರೆ ರೂಮಿನ ದರ ಮೇಲಕ್ಕೆ ಹೋಗುತ್ತದೆ, ಸಂಜೆ ನಾಲ್ಕಕ್ಕೇ ಕತ್ತಲು. ಜೂನ್‌ನಲ್ಲಿ ಉಲ್ಟಾ: ಬೆಳಗ್ಗೆ ಐದಕ್ಕೆ ಬೆಳಕು, ರಾತ್ರಿ ಒಂಬತ್ತರವರೆಗೂ ಸೂರ್ಯ.

ಎಷ್ಟು ಜನ ಅನ್ನೋದಕ್ಕೆ ನನ್ನ ಅಭಿಪ್ರಾಯ ಸ್ಪಷ್ಟ: ನಾಲ್ಕು. ಐದಾದರೆ ಟ್ಯಾಕ್ಸಿ ಎರಡು ಬೇಕು. ಏಳಾದರೆ ಹೋಟೆಲಿನಲ್ಲಿ ಟೇಬಲ್ ಸಿಗೋದಿಲ್ಲ, ಬೆಳಗ್ಗೆ ಸ್ನಾನದ ಸರದಿ ಮುಗಿಯುವ ಹೊತ್ತಿಗೆ ಹನ್ನೊಂದು. ಹೊರಡುವ ಮೊದಲೇ ಪ್ರತಿಯೊಬ್ಬರೂ "ಇದನ್ನು ಬಿಟ್ಟು ಬರೋದಿಲ್ಲ" ಅನ್ನುವ ಒಂದೇ ಒಂದು ಜಾಗ ಹೇಳಲಿ. ಆ ನಾಲ್ಕು ಗಟ್ಟಿ. ಮಿಕ್ಕಿದ್ದು ಕಾಲು ಮತ್ತು ಹವಾಮಾನ ಹೇಳಿದ ಹಾಗೆ.

ಹೆಜ್ಜೆ 2: ಕಾಗದಪತ್ರ

ಚೆಕ್ ದೇಶ ಶೆಂಗೆನ್‌ನಲ್ಲಿದೆ, ಅಂದರೆ ಒಂದೇ ವೀಸಾ ನಡೆಯುವ ಯುರೋಪ್ ದೇಶಗಳ ಗುಂಪಿನಲ್ಲಿ. ಜರ್ಮನಿಯ ರೆಸಿಡೆನ್ಸ್ ಕಾರ್ಡ್ ಇದ್ದರೆ ಬೇರೆ ವೀಸಾ ಬೇಡ. ಆದರೆ ಬರೀ ಕಾರ್ಡ್ ಹಿಡಿದು ಹೋಗಬೇಡಿ. ಪಾಸ್‌ಪೋರ್ಟ್ ಮೂಲಪ್ರತಿಯೇ ಜತೆಗಿರಬೇಕು, ಮೊಬೈಲಿನ ಫೋಟೋ ಸಾಲದು. ಹೋಗುವಾಗ ಯಾರೂ ಕೇಳದೇ ಇರಬಹುದು. ವಾಪಸ್ ಬರುವಾಗ ಜರ್ಮನ್ ಪೊಲೀಸರು ರೈಲು, ಬಸ್ಸು ಹತ್ತಿ ನೋಡುತ್ತಾರೆ. 2023ರ ಅಕ್ಟೋಬರ್‌ನಿಂದ ಚೆಕ್ ಗಡಿಯಲ್ಲಿ ಈ ತಪಾಸಣೆ ಮತ್ತೆ ಶುರುವಾಗಿದೆ.

ಕಾರ್ಡ್ ನವೀಕರಣಕ್ಕೆ ಕೊಟ್ಟು ಕೈಯಲ್ಲಿ ತಾತ್ಕಾಲಿಕ ಕಾಗದ ಮಾತ್ರ ಇದೆಯಾ? ಹಾಗಾದರೆ ಟಿಕೆಟ್ ಮಾಡುವ ಮೊದಲು ನಿಮ್ಮ ಊರಿನ ವಿದೇಶಿಯರ ಕಚೇರಿಗೆ ಒಂದು ಮೇಲ್ ಹಾಕಿ, ಲಿಖಿತ ಉತ್ತರ ಬಂದ ಮೇಲೆ ಮುಂದುವರಿಯಿರಿ. ಆ ಕಾಗದದಲ್ಲಿ ಬೇರೆ ಬೇರೆ ಬಗೆ ಇವೆ. ಎಲ್ಲದರಲ್ಲೂ ಗಡಿ ದಾಟಿ ವಾಪಸ್ ಬರೋಕೆ ಆಗೋದಿಲ್ಲ.

ಸರ್ಕಾರಿ ಆರೋಗ್ಯ ವಿಮೆಯ ಕಾರ್ಡನ್ನು ತಿರುಗಿಸಿ ನೋಡಿ. ಹಿಂಬದಿಯಲ್ಲಿ ಇರೋದೇ ಯುರೋಪಿನ ವಿಮಾ ಕಾರ್ಡು, ಪ್ರಾಗ್‌ನಲ್ಲೂ ತುರ್ತು ಚಿಕಿತ್ಸೆಗೆ ಆಗುತ್ತದೆ. ಖಾಸಗಿ ವಿಮೆ ಇದ್ದವರು ತಮ್ಮ ಷರತ್ತು ಓದಿಕೊಳ್ಳಿ. ಕಾಲೇಜಿನ ಐಡಿ ಜತೆಗೆ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಾರ್ಡು ಇದ್ದರೆ ರಿಯಾಯಿತಿ ಕೌಂಟರಿನಲ್ಲಿ ಮಾತು ಬೇಗ ಮುಗಿಯುತ್ತದೆ. ಬಹಳ ಕಡೆ ರಿಯಾಯಿತಿ 26 ವಯಸ್ಸಿನವರೆಗೆ ಮಾತ್ರ, ಅದನ್ನೂ ನೋಡಿಕೊಳ್ಳಿ. ಸಿಮ್ ಬದಲಿಸೋದು ಬೇಡ, ಜರ್ಮನ್ ಸಿಮ್ ಅಲ್ಲೂ ನಡೆಯುತ್ತದೆ.

ಹೆಜ್ಜೆ 3: ರೈಲೋ ಬಸ್ಸೋ

ಡ್ರೆಸ್ಡೆನ್‌ನಿಂದ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಬರ್ಲಿನ್‌ನಿಂದ ನಾಲ್ಕರಿಂದ ನಾಲ್ಕೂವರೆ. ಮ್ಯೂನಿಕ್‌ನಿಂದ ಬಸ್ಸೇ ವಾಸಿ, ರೈಲು ಸುತ್ತು. ಟಿಕೆಟ್ ಮಾಡುವಾಗ ಜರ್ಮನ್ ರೈಲ್ವೆ ಆ್ಯಪ್ ಒಂದೇ ನೋಡಬೇಡಿ. ಚೆಕ್ ರೈಲ್ವೆಯ ಜಾಲತಾಣದಲ್ಲಿ ಅದೇ ರೈಲಿನ ಅದೇ ಸೀಟು ಎಷ್ಟೋ ಸಲ ಕಮ್ಮಿಗೆ ಸಿಗುತ್ತದೆ.

ಇನ್ನೂ ಕಮ್ಮಿ ಬೇಕಾದರೆ ಜರ್ಮನಿಯ ತಿಂಗಳ ಪಾಸು ಡಾಯ್ಚ್‌ಲಾಂಡ್ ಟಿಕೆಟ್ ಇದೆಯಲ್ಲ, ಅದರಲ್ಲಿ ಸ್ಥಳೀಯ ರೈಲು ಹಿಡಿದು ಡ್ರೆಸ್ಡೆನ್ ಮೇಲೆ ಗಡಿಯ ಬಾಡ್ ಶಾಂಡೌವರೆಗೆ ಬನ್ನಿ. ಅಲ್ಲಿಂದ ಗಡಿ ದಾಟುವ ಸಣ್ಣ ರೈಲಿನಲ್ಲಿ ದೆಚೀನ್. ದೆಚೀನ್‌ನಿಂದ ಪ್ರಾಗ್‌ಗೆ ಚೆಕ್ ರೈಲು. ಗಡಿಯಿಂದ ಮುಂದಕ್ಕೆ ಮಾತ್ರ ಬೇರೆ ಟಿಕೆಟ್ ಬೇಕು. ಹೊತ್ತು ಜಾಸ್ತಿ ಹಿಡಿಯುತ್ತದೆ, ಆದರೆ ಆತುರ ಇಲ್ಲದವರಿಗೆ ಲಾಭ.

ಯಾವ ರೈಲಾದರೂ ಸರಿ, ಡ್ರೆಸ್ಡೆನ್ ಬಿಟ್ಟ ಮೇಲೆ ಎಡಗಡೆ ಕಿಟಕಿ ಹಿಡಿಯಿರಿ. ಎಲ್ಬೆ ನದಿ ಆ ಕಡೆಯೇ ಹರಿಯುತ್ತದೆ. ಹಳಿಗೂ ನೀರಿಗೂ ನಡುವೆ ಒಂದು ಸೈಕಲ್ ದಾರಿಯಷ್ಟೇ ಜಾಗ, ಆಚೆ ದಡದಲ್ಲಿ ಮರಳುಗಲ್ಲಿನ ಬಂಡೆಗಳು ನೆಟ್ಟಗೆ ಎದ್ದು ನಿಂತಿರುತ್ತವೆ. ನಡುವೆ ಒಂದು ಸಲ ಬಲಗಡೆ ತಲೆ ಎತ್ತಿದರೆ ಗುಡ್ಡದ ಮೇಲೆ ಕ್ಯೋನಿಗ್‌ಸ್ಟೈನ್ ಕೋಟೆ. ಈ ಒಂದು ಗಂಟೆ ಮೊಬೈಲ್ ಒಳಗಿಡಿ.

ರೈಲು ನಿಲ್ಲುವುದು ಹ್ಲಾವ್ನಿ ನಾದ್ರಾಜಿಯಲ್ಲಿ. ಅಂದರೆ ಮುಖ್ಯ ನಿಲ್ದಾಣ. ಬಸ್ಸು ನಿಲ್ಲುವುದು ಫ್ಲೋರೆಂಟ್ಸ್‌ನಲ್ಲಿ. ಎರಡೂ ಮೆಟ್ರೋದ ಕೆಂಪು ಲೈನಿನಲ್ಲಿ ಅಕ್ಕಪಕ್ಕ ಇವೆ.

ಹೆಜ್ಜೆ 4: ಉಳಿಯುವ ಜಾಗ

ಓಲ್ಡ್ ಟೌನ್ ಒಳಗೆ ರೂಮು ಮಾಡಬೇಡಿ. ದರ ಜಾಸ್ತಿ, ರಾತ್ರಿ ಕುಡಿದವರ ಗಲಾಟೆ. ಊರಿನವರಿಗೇ ಅದು ಸಾಕಾಗಿ, 2024ರಲ್ಲಿ ನಗರಸಭೆಯು ರಾತ್ರಿ ಹತ್ತರ ಮೇಲೆ ಗೈಡ್ ಇಟ್ಟುಕೊಂಡು ಬಾರಿನಿಂದ ಬಾರಿಗೆ ಸುತ್ತುವ ಪ್ರವಾಸಗಳನ್ನೇ ನಿಷೇಧಿಸಿತು.

ಝಿಜ್ಕೋವ್, ವಿನೊಹ್ರಾದಿ, ಕಾರ್ಲೀನ್, ಹೊಲೆಶೊವಿಟ್ಸೆ ಈ ನಾಲ್ಕು ಬಡಾವಣೆಗಳಲ್ಲಿ ಹುಡುಕಿ. ಟ್ರಾಮ್‌ನಲ್ಲಿ ಹತ್ತು-ಹದಿನೈದು ನಿಮಿಷ ಅಷ್ಟೇ. ನಾಲ್ಕು ಜನಕ್ಕೆ ಅಡುಗೆಮನೆ ಇರುವ ಅಪಾರ್ಟ್‌ಮೆಂಟು ಹಾಸ್ಟೆಲಿನ ನಾಲ್ಕು ಹಾಸಿಗೆಗಿಂತ ಅಗ್ಗ ಬೀಳುತ್ತದಾ ಅಂತ ಕೂಡಿ ನೋಡಿ. ಜುಲೈ-ಆಗಸ್ಟ್‌ನಲ್ಲಿ ವಿಶ್ವವಿದ್ಯಾಲಯದ ಹಾಸ್ಟೆಲುಗಳೂ ಪ್ರವಾಸಿಗರಿಗೆ ರೂಮು ಕೊಡುತ್ತವೆ. ಸೌಲಭ್ಯ ಅಷ್ಟಕ್ಕಷ್ಟೆ, ಆದರೆ ನಮಗೆ ಹೊಸದೇನಲ್ಲ ಅಲ್ವಾ.

ಹೆಜ್ಜೆ 5: ದುಡ್ಡು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಪ್ರಾಗ್‌ನಲ್ಲಿ ವಿದ್ಯಾರ್ಥಿಗಳು ದುಡ್ಡು ಕಳೆದುಕೊಳ್ಳುವುದು ಹೆಚ್ಚಾಗಿ ಖರೀದಿಯಲ್ಲಿ ಅಲ್ಲ, ದುಡ್ಡು ಬದಲಿಸುವುದರಲ್ಲಿ.

ಚೆಕ್ ದೇಶದಲ್ಲಿ ಯೂರೋ ಇಲ್ಲ, ಕೊರುನಾ. ಒಂದು ಯೂರೋಗೆ ಸುಮಾರು 25 ಕೊರುನಾ. 100 ಕೊರುನಾ ಅಂದರೆ ಹೆಚ್ಚುಕಮ್ಮಿ 4 ಯೂರೋ, ಇದೊಂದು ನೆನಪಿಟ್ಟುಕೊಂಡರೆ ಸಾಕು. ಅಂಗಡಿಯವರು ಯೂರೋ ತಗೊಳ್ಳುತ್ತಾರೆ, ಆದರೆ ತಮಗೆ ಬೇಕಾದ ದರದಲ್ಲಿ. ಕೊಡಬೇಡಿ.

ಮೊದಲ ನಿಯಮ: ಎಲ್ಲ ಕಡೆ ಕಾರ್ಡ್ ಉಜ್ಜಿ. ಕಾರ್ಡ್ ಯಂತ್ರವೋ ಎಟಿಎಮ್ಮೋ "ಯೂರೋದಲ್ಲಿ ಕೊಡುತ್ತೀರಾ, ಕೊರುನಾದಲ್ಲಿ ಕೊಡುತ್ತೀರಾ" ಅಂತ ಕೇಳಿದರೆ ಕಣ್ಣು ಮುಚ್ಚಿ ಕೊರುನಾ ಒತ್ತಿ. ಯೂರೋ ಅಂದರೆ ದರ ಹಾಕುವುದು ಆ ಯಂತ್ರದವರು, ನಿಮ್ಮ ಬ್ಯಾಂಕ್ ಅಲ್ಲ. ಪರದೆಯ ಮೇಲೆ ಯೂರೋದ ಬಟನ್ ದೊಡ್ಡದಾಗಿ ಹಸಿರು ಬಣ್ಣದಲ್ಲಿ, ಇನ್ನೊಂದು ಸಣ್ಣದಾಗಿ ಮೂಲೆಯಲ್ಲಿ ಇರಬಹುದು. ಸುಮ್ನೆ ಹಾಗಿಟ್ಟಿರೋದಿಲ್ಲ.

ಎರಡನೆಯದು: ನಗದು ಬೇಕಾದರೆ ಬ್ಯಾಂಕ್ ಶಾಖೆಗೆ ಅಂಟಿಕೊಂಡಿರುವ ಎಟಿಎಂ ಹುಡುಕಿ. ಪ್ರವಾಸಿ ಬೀದಿಗಳಲ್ಲಿ, ಚಾಕಲೇಟ್ ಅಂಗಡಿ ಪಕ್ಕ ಒಂಟಿಯಾಗಿ ನಿಂತಿರುವ ಎಟಿಎಂ ಬೇಡ. ನಾಲ್ಕು ಜನರೂ ಬೇರೆ ಬೇರೆ ತೆಗೆಯದೆ ಒಬ್ಬರು ಒಂದೇ ಸಲ ತೆಗೆದರೆ ಶುಲ್ಕ ಒಂದೇ ಸಲ ಹೋಗುತ್ತದೆ. ಯಾರು ಎಷ್ಟು ಕೊಡಬೇಕು ಅನ್ನೋದನ್ನು ಖರ್ಚು ಹಂಚುವ ಆ್ಯಪ್ ಸ್ಪ್ಲಿಟ್‌ವೈಸ್‌ಗೆ ಅಲ್ಲೇ ನಿಂತು ಹಾಕಿ. ಕೊರುನಾದಲ್ಲೇ ಹಾಕಿ.

ಮೂರನೆಯದು: "0% ಕಮಿಷನ್" ಅಂತ ಬೋರ್ಡ್ ಹಾಕಿದ ಅಂಗಡಿ. ಕಮಿಷನ್ ಸೊನ್ನೆಯೇ, ದರದಲ್ಲೇ ಹೊಡೆದಿರುತ್ತಾರೆ. ಒಂದು ವೇಳೆ ಅಲ್ಲಿ ಬದಲಿಸಿಬಿಟ್ಟಿರಿ, ಹೊರಗೆ ಬಂದು ಲೆಕ್ಕ ಹಾಕಿದಾಗ ಗೊತ್ತಾಯಿತು ಅಂತಿಟ್ಟುಕೊಳ್ಳಿ. ರಸೀದಿ ಬಿಸಾಡಬೇಡಿ. 2019ರಿಂದ ಚೆಕ್ ಕಾನೂನಿನಲ್ಲಿ 3 ಗಂಟೆಯೊಳಗೆ, 1000 ಯೂರೋವರೆಗಿನ ಮೊತ್ತಕ್ಕೆ, ವ್ಯವಹಾರ ರದ್ದು ಮಾಡಿಸಿ ದುಡ್ಡು ವಾಪಸ್ ಪಡೆಯುವ ಹಕ್ಕಿದೆ. ರಸೀದಿ ಹಿಡಿದು ಹೋಗಿ, ಕಾನೂನು ಗೊತ್ತಿದೆ ಅಂತ ಹೇಳಿ.

ಬೀದಿಯಲ್ಲಿ ಬಂದು "ಒಳ್ಳೇ ದರ ಕೊಡ್ತೀನಿ" ಅನ್ನುವವರ ಜತೆ ಮಾತೇ ಬೇಡ. ಕೊರುನಾ ಅಂತ ಬೇರೆ ಯಾವುದೋ ದೇಶದ, ಚಾಲ್ತಿಯಲ್ಲೇ ಇಲ್ಲದ ನೋಟು ಕೈಗಿಡುವುದು ಅವರ ಹಳೇ ಕಸುಬು.

ಹೆಜ್ಜೆ 6: ಟ್ರಾಮ್ ಟಿಕೆಟ್

72 ಗಂಟೆಯ ಟಿಕೆಟ್ ತಗೊಳ್ಳಿ. ಮೆಟ್ರೋ, ಟ್ರಾಮ್, ಬಸ್ಸು ಎಲ್ಲಕ್ಕೂ ಅದೊಂದೇ. ದಿನದ ಲೆಕ್ಕ ಅಲ್ಲ, ಮುದ್ರೆ ಬಿದ್ದ ಗಂಟೆಯಿಂದ ಲೆಕ್ಕ. ಶುಕ್ರವಾರ ಸಂಜೆ ಐದಕ್ಕೆ ಮುದ್ರೆ ಒತ್ತಿದರೆ ಸೋಮವಾರ ಸಂಜೆ ಐದರವರೆಗೆ. ನಮ್ಮ ಪ್ರವಾಸಕ್ಕೆ ಅಳತೆ ತೆಗೆದು ಹೊಲಿದ ಹಾಗಿದೆ.

ಕಾಗದದ ಟಿಕೆಟ್ ಆದರೆ ಮೆಟ್ರೋ ಬಾಗಿಲಲ್ಲಿ ಅಥವಾ ಟ್ರಾಮ್ ಒಳಗಿರುವ ಹಳದಿ ಡಬ್ಬಿಗೆ ಒಂದೇ ಒಂದು ಸಲ ತೂರಿಸಿ. ಟಕ್ ಅಂತ ತಾರೀಖು, ಗಂಟೆ ಬೀಳುತ್ತದೆ. ಬಿದ್ದಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ಮುದ್ರೆ ಇಲ್ಲದ ಟಿಕೆಟ್ಟು ಟಿಕೆಟ್ಟೇ ಅಲ್ಲ. ತಪಾಸಣೆಯವರು ಮಾಮೂಲಿ ಬಟ್ಟೆಯಲ್ಲಿ ಬರುತ್ತಾರೆ, ಪ್ರವಾಸಿ ಅಂತ ಬಿಡೋದಿಲ್ಲ. ಟ್ರಾಮ್ ಒಳಗೆ ಕಾರ್ಡ್ ಮುಟ್ಟಿಸಿ ಟಿಕೆಟ್ ತೆಗೆಯುವ ಯಂತ್ರವೂ ಇರುತ್ತದೆ. ಅದರಿಂದ ಬರುವ ಟಿಕೆಟ್ಟಿಗೆ ಮುದ್ರೆ ಮೊದಲೇ ಬಿದ್ದಿರುತ್ತದೆ.

ಮೆಟ್ರೋ ಮಧ್ಯರಾತ್ರಿ ಹೊತ್ತಿಗೆ ನಿಲ್ಲುತ್ತದೆ, ಶುಕ್ರವಾರ-ಶನಿವಾರ ರಾತ್ರಿ ಸುಮಾರು ಒಂದಕ್ಕೆ. ಆಮೇಲೆ 91ರಿಂದ 99ರವರೆಗಿನ ರಾತ್ರಿ ಟ್ರಾಮ್‌ಗಳು. ಅವೆಲ್ಲ ಲಜಾರ್ಸ್ಕಾ ಅನ್ನುವ ನಿಲ್ದಾಣದಲ್ಲಿ ಸೇರುತ್ತವೆ, ದಾರಿ ತಪ್ಪಿದರೆ ಅಲ್ಲಿಗೆ ಹೋದರೆ ಆಯಿತು. 22ನೇ ನಂಬರ್ ಟ್ರಾಮ್ ತುಂಬಾ ಪ್ರವಾಸಿಗರಿರುತ್ತಾರೆ, ಜೇಬುಗಳ್ಳರೂ ಇರುತ್ತಾರೆ. ಬ್ಯಾಗ್ ಎದೆಯ ಮೇಲೆ.

ಹೆಜ್ಜೆ 7: ಶುಕ್ರವಾರ ಸಂಜೆ, ವೆನ್ಸೆಸ್ಲಾಸ್ ಚೌಕ

ರೂಮಿಗೆ ಬ್ಯಾಗ್ ಎಸೆದು ಇಲ್ಲಿಗೆ ಬನ್ನಿ. ಮೇಲ್ತುದಿಯಲ್ಲಿ ಕುದುರೆ ಮೇಲೆ ಕೂತ ಸಂತ ವೆನ್ಸೆಸ್ಲಾಸ್‌ನ ಪ್ರತಿಮೆ. ಪ್ರಾಗ್ ಜನ ಭೇಟಿಯಾಗುವುದೇ ಈ ಕುದುರೆ ಬಾಲದ ಕೆಳಗೆ. ನಿಮ್ಮ ಗುಂಪಿಗೂ ಇದೇ ಜಾಗ ಇರಲಿ. ಯಾರಾದರೂ ತಪ್ಪಿಸಿಕೊಂಡರೆ, ಮೊಬೈಲ್ ಸತ್ತರೆ, ಮುಂದಿನ ಗಂಟೆ ಹೊಡೆಯುವ ಹೊತ್ತಿಗೆ ಬಾಲದ ಕೆಳಗೆ.

ಅಲ್ಲೇ ಹಿಂದೆ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಮುಂದೆ ನೆಲ ನೋಡಿ. ಕಲ್ಲುಹಾಸಿನ ಒಳಗಿಂದ ಕಂಚಿನ ಶಿಲುಬೆಯೊಂದು ಉಬ್ಬಿ ಎದ್ದಿದೆ. ಎಷ್ಟೋ ಜನ ಗಮನಿಸದೆ ದಾಟಿ ಹೋಗುತ್ತಾರೆ. ಅದು ಯಾನ್ ಪಲಾಖ್‌ನ ನೆನಪಿಗೆ, ಚಾರ್ಲ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. 1968ರಲ್ಲಿ ಸೋವಿಯತ್ ನೇತೃತ್ವದ ಸೇನೆ ದೇಶದೊಳಗೆ ನುಗ್ಗಿದ್ದನ್ನು ಜನ ಸಹಿಸಿಕೊಂಡು ಸುಮ್ಮನಾಗುತ್ತಿದ್ದಾರೆ ಅಂತ, 1969ರ ಜನವರಿ 16ರಂದು ಇಲ್ಲೇ ಮೈಗೆ ಬೆಂಕಿ ಹಚ್ಚಿಕೊಂಡ. ಮೂರು ದಿನಕ್ಕೆ ತೀರಿಕೊಂಡ. ವಯಸ್ಸು 20.

ಚೌಕ ಇಳಿದು ನಾರೊದ್ನಿ ಬೀದಿಗೆ ನಡೆಯಿರಿ. ಅಲ್ಲಿ ಒಂದು ಕಮಾನಿನ ಗೋಡೆಯ ಮೇಲೆ ಕಂಚಿನ ಕೈಗಳು, ಕೆಳಗೆ ತಾರೀಖು: 17.11.1989. ಅವತ್ತು ಪೊಲೀಸರು ಹೊಡೆದಿದ್ದು ಮೆರವಣಿಗೆ ಬಂದ ವಿದ್ಯಾರ್ಥಿಗಳನ್ನು. ಕೆಲವೇ ವಾರಗಳಲ್ಲಿ ಕಮ್ಯುನಿಸ್ಟ್ ಸರ್ಕಾರ ಬಿತ್ತು. ಆ ತಾರೀಖೂ ಆಕಸ್ಮಿಕ ಅಲ್ಲ. 1939ರ ನವೆಂಬರ್ 17ರಂದು ನಾಜಿಗಳು ಚೆಕ್ ವಿಶ್ವವಿದ್ಯಾಲಯಗಳನ್ನು ಮುಚ್ಚಿ ಒಂಬತ್ತು ಜನರನ್ನು ಕೊಂದಿದ್ದರು, ಅವರಲ್ಲಿ ಹೆಚ್ಚಿನವರು ವಿದ್ಯಾರ್ಥಿ ಮುಖಂಡರು. ಅಂತರರಾಷ್ಟ್ರೀಯ ವಿದ್ಯಾರ್ಥಿ ದಿನ ಬಂದಿದ್ದೇ ಅದರಿಂದ. 1348ರಲ್ಲಿ ಶುರುವಾದ ವಿಶ್ವವಿದ್ಯಾಲಯ ಇರುವ ಊರು ಇದು. ಸೆಲ್ಫಿ ಬೀದಿಗಳಿಗಿಂತ ಮೊದಲು ಇದನ್ನು ನೋಡಿದರೆ ಊರು ಬೇರೆ ಥರ ಕಾಣುತ್ತದೆ.

ಹಾಗೇ ಚೌಕದ ಕೆಳತುದಿಯಲ್ಲಿ ಬಾಟಾ ಅಂಗಡಿಯ ದೊಡ್ಡ ಗಾಜಿನ ಕಟ್ಟಡ. ನಮ್ಮ ಸ್ಕೂಲ್ ಶೂ ಕಂಪನಿ ಹುಟ್ಟಿದ್ದು ಇದೇ ದೇಶದ ಜ್ಲೀನ್ ಊರಲ್ಲಿ, 1894ರಲ್ಲಿ.

ಬೇಗ ಮಲಗಿ. ಇದು ಸಲಹೆ ಅಲ್ಲ, ನಾಳೆಗೆ ಅನಿವಾರ್ಯ.

ಹೆಜ್ಜೆ 8: ಶನಿವಾರ, ಸೇತುವೆ ಮೊದಲು, ಕೋಟೆ ಆಮೇಲೆ

ಸೂರ್ಯ ಹುಟ್ಟುವ ಹೊತ್ತಿಗೆ ಚಾರ್ಲ್ಸ್ ಸೇತುವೆ ಮೇಲೆ ಇರಬೇಕು. ಹುಡುಗರಲ್ಲಿ ಒಬ್ಬ "ನೀವು ಹೋಗಿ, ನಾನು ಆಮೇಲೆ ಬರ್ತೀನಿ" ಅಂತಾನೆ. ಎಬ್ಬಿಸಿ. ಹತ್ತು ಗಂಟೆಗೆ ಬಂದರೆ ಅವನು ನೋಡುವುದು ಮುಂದಿನವನ ಬೆನ್ನು.

ಸೇತುವೆ 516 ಮೀಟರ್ ಉದ್ದ. ರಾಜ ನಾಲ್ಕನೇ ಚಾರ್ಲ್ಸ್ 1357ರಲ್ಲಿ ಕೆಲಸ ಶುರು ಮಾಡಿಸಿದ. ಜುಲೈ 9ರ ಬೆಳಗ್ಗೆ 5:31ಕ್ಕೆ ಮೊದಲ ಕಲ್ಲಿಟ್ಟ ಅಂತ ಒಂದು ಕಥೆ ಇದೆ. 1, 3, 5, 7, 9, 7, 5, 3, 1 ಬರಲಿ ಅಂತ ಜ್ಯೋತಿಷಿಗಳು ಇಟ್ಟ ಮುಹೂರ್ತವಂತೆ. ಕಥೆ ಎಷ್ಟು ನಿಜವೋ, ಮುಹೂರ್ತದ ಹುಚ್ಚು ನಮಗೆ ಮಾತ್ರ ಅಲ್ಲ ಅಂತ ಸಮಾಧಾನ.

ಎರಡೂ ಕಡೆ ಸೇರಿ 30 ವಿಗ್ರಹ ಗುಂಪುಗಳಿವೆ, ಬಹಳಷ್ಟು ನಕಲು, ಮೂಲ ಒಳಗೆ ಭದ್ರವಾಗಿದೆ. ನಿಲ್ಲಬೇಕಾದ್ದು ನೆಪೊಮುಕ್‌ನ ಯಾನ್ ಮುಂದೆ. ಸೇತುವೆ ಮೇಲಿನ ಅತಿ ಹಳೇ ವಿಗ್ರಹ, 1683ರದ್ದು. 1393ರಲ್ಲಿ ರಾಜ ಈ ಪಾದ್ರಿಯನ್ನು ನದಿಗೆ ಎಸೆಸಿದ. ಪೀಠದ ಕಂಚಿನ ಫಲಕಗಳು ಕಪ್ಪಗಿವೆ. ಜನ ಮುಟ್ಟಿ ಬೇಡಿಕೊಳ್ಳುವ ಜಾಗ ಮಾತ್ರ ಉಜ್ಜಿ ಉಜ್ಜಿ ಚಿನ್ನದ ಹಾಗೆ ಹೊಳೆಯುತ್ತದೆ.

ಸೇತುವೆ ಇಳಿದರೆ ಮಾಲಾ ಸ್ತ್ರಾನಾ ಬಡಾವಣೆ. ಕಾಫಿ ಕುಡಿದು ಮಾಲೊಸ್ತ್ರಾನ್ಸ್ಕಾ ನಿಲ್ದಾಣದಿಂದ 22ನೇ ಟ್ರಾಮ್ ಹಿಡಿಯಿರಿ. ಎಲ್ಲರೂ "ಪ್ರಾಜ್ಸ್ಕಿ ಹ್ರಾದ್" ನಿಲ್ದಾಣದಲ್ಲಿ ಇಳಿಯುತ್ತಾರೆ. ನೀವು ಅದಾದ ಮೇಲೆ ಎರಡನೇ ನಿಲ್ದಾಣ ಪೊಹೊರ್ಜೆಲೆಟ್ಸ್‌ನಲ್ಲಿ ಇಳಿಯಿರಿ. ಅಲ್ಲಿಂದ ಕೋಟೆಗೆ ದಾರಿ ಇಳಿಜಾರು, ಏರುವ ಕಷ್ಟ ಇಲ್ಲ. ನಿಲ್ದಾಣದ ಹತ್ತಿರವೇ ಇಬ್ಬರು ಖಗೋಳ ವಿಜ್ಞಾನಿಗಳ ಪ್ರತಿಮೆ: ಟೈಕೋ ಬ್ರಾಹೆ, ಯೋಹಾನೆಸ್ ಕೆಪ್ಲರ್. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಕೆಪ್ಲರ್‌ನ ಮೊದಲ ಎರಡು ನಿಯಮಗಳು ಅವನು ಈ ಊರಲ್ಲಿದ್ದಾಗ ಹೊರಬಂದವು, 1609ರಲ್ಲಿ. ಡಾಪ್ಲರ್ ತನ್ನ ಪರಿಣಾಮದ ಬಗ್ಗೆ ಮೊದಲು ಓದಿ ಹೇಳಿದ್ದೂ ಪ್ರಾಗ್‌ನಲ್ಲೇ, 1842ರಲ್ಲಿ.

ಕೋಟೆಯ ಅಂಗಳಗಳಿಗೆ ಟಿಕೆಟ್ ಇಲ್ಲ. ಒಳಗಿನ ಕಟ್ಟಡಗಳಿಗೆ ಬೇಕು, ಅವು ಒಂಬತ್ತಕ್ಕೆ ತೆರೆಯುತ್ತವೆ. ಮುಖ್ಯ ಟಿಕೆಟ್‌ನಲ್ಲಿ ಸಂತ ವೀಟಸ್ ಕೆಥೆಡ್ರಲ್, ಹಳೇ ಅರಮನೆ, ಸಂತ ಜಾರ್ಜ್ ಬಸಿಲಿಕಾ, ಗೋಲ್ಡನ್ ಲೇನ್ ನಾಲ್ಕೂ ಬರುತ್ತವೆ. ವಿದ್ಯಾರ್ಥಿ ರಿಯಾಯಿತಿ ಇದೆ. ಒಂಬತ್ತಕ್ಕೆ ನೇರ ಕೆಥೆಡ್ರಲ್‌ಗೆ ಹೋಗಿ, ಹತ್ತೂವರೆಗೆ ಬಾಗಿಲಲ್ಲಿ ಉದ್ದ ಸಾಲು. 1344ರಲ್ಲಿ ಶುರುವಾದ ಕಟ್ಟಡ ಮುಗಿದದ್ದು 1929ರಲ್ಲಿ. ಎಡಗಡೆ ಮೂರನೇ ಕಿಟಕಿಯ ಬಣ್ಣದ ಗಾಜು ಚೆಕ್ ಚಿತ್ರಕಲಾವಿದ ಅಲ್ಫಾನ್ಸ್ ಮುಖಾ ರಚಿಸಿದ್ದು. ಬಿಸಿಲಿದ್ದರೆ ಅದರ ಬಣ್ಣ ಎದುರಿನ ಕಲ್ಲಿನ ಮೇಲೆ ಬಿದ್ದಿರುತ್ತದೆ.

ಹಳೇ ಅರಮನೆಯಲ್ಲಿ ಒಂದು ಕಿಟಕಿ ಇದೆ. 1618ರಲ್ಲಿ ಪ್ರೊಟೆಸ್ಟಂಟ್ ಸರದಾರರು ರಾಜನ ಇಬ್ಬರು ಅಧಿಕಾರಿಗಳನ್ನೂ ಅವರ ಗುಮಾಸ್ತನನ್ನೂ ಅಲ್ಲಿಂದ ಆಚೆ ಎಸೆದರು. ಮೂವರೂ ಬದುಕಿದರು. ಆದರೆ ಅಲ್ಲಿಂದ ಶುರುವಾದ ಯುದ್ಧ ಮೂವತ್ತು ವರ್ಷ ನಡೆಯಿತು. ಪಾಪ, ಆ ಗುಮಾಸ್ತ ಏನು ಮಾಡಿದ್ದ.

ಗೋಲ್ಡನ್ ಲೇನ್‌ನ ಪುಟ್ಟ ಮನೆಗಳಲ್ಲಿ 22ನೇ ನಂಬರಿನಲ್ಲಿ ಲೇಖಕ ಕಾಫ್ಕಾ 1916-17ರಲ್ಲಿ ಕೂತು ಬರೆಯುತ್ತಿದ್ದ. ಹಗಲಲ್ಲಿ ಅಲ್ಲಿ ನಿಲ್ಲೋಕೂ ಜಾಗ ಇರೋದಿಲ್ಲ. ಟಿಕೆಟ್ ಉಳಿಸಬೇಕು ಅನ್ನುವವರು ಸಂಜೆ ಕಟ್ಟಡಗಳು ಮುಚ್ಚಿದ ಮೇಲೆ ಬನ್ನಿ. ಮನೆಗಳ ಒಳಗೆ ಹೋಗೋಕಾಗಲ್ಲ, ಬೀದಿ ಪುಕ್ಕಟೆ. ನನಗಂತೂ ಹಾಗೇ ಇಷ್ಟ.

ಹನ್ನೆರಡಕ್ಕೆ ಮೊದಲ ಅಂಗಳದಲ್ಲಿ ಕಾವಲುಗಾರರ ಬದಲಾವಣೆ, ಕಹಳೆ ಸಮೇತ. ಇಷ್ಟ ಇದ್ದರೆ ನೋಡಿ, ಇಲ್ಲದಿದ್ದರೆ ಆ ಹೊತ್ತಿಗೆ ಊಟಕ್ಕೆ ಇಳಿಯಿರಿ. ಮಧ್ಯಾಹ್ನ ರೂಮಿಗೆ ಹೋಗಿ ಎರಡು ಗಂಟೆ ಮಲಗಿ. ಬೆಳಗ್ಗೆ ಐದಕ್ಕೆ ಎದ್ದವರಿಗೆ ಅದು ನ್ಯಾಯವಾದ ಹಕ್ಕು.

ಓಲ್ಡ್ ಟೌನ್ ಚೌಕ ರಾತ್ರಿಗೆ ಇಟ್ಟುಕೊಳ್ಳಿ. 1410ರ ಖಗೋಳ ಗಡಿಯಾರ ಬೆಳಗ್ಗೆ ಒಂಬತ್ತರಿಂದ ರಾತ್ರಿ ಹನ್ನೊಂದರವರೆಗೆ ಪ್ರತಿ ಗಂಟೆಗೂ ಆಡುತ್ತದೆ. ಅಸ್ಥಿಪಂಜರ ಹಗ್ಗ ಎಳೆಯುತ್ತದೆ, ಮೇಲೆ ಎರಡು ಕಿಟಕಿಯಲ್ಲಿ ಕ್ರಿಸ್ತನ ಶಿಷ್ಯರು ಒಬ್ಬೊಬ್ಬರಾಗಿ ಹಾದು ಹೋಗುತ್ತಾರೆ, ಕೋಳಿ ಕೂಗುತ್ತದೆ, ಅಷ್ಟೇ. "ಇಷ್ಟೇನಾ?" ಅಂತ ಯಾರಾದರೂ ಅಂದೇ ಅಂತಾರೆ. ಆಟಕ್ಕಿಂತ ಗಡಿಯಾರದ ಮುಖವನ್ನೇ ಓದಿ. ಸೂರ್ಯ, ಚಂದ್ರ ಯಾವ ರಾಶಿಯಲ್ಲಿದ್ದಾರೆ ಅಂತ ಇವತ್ತೂ ತೋರಿಸುತ್ತದೆ. ಮೊಬೈಲಿನ ಪಂಚಾಂಗದ ಜತೆ ತಾಳೆ ಹಾಕೋಕೆ ಹೋದರೆ ನಮ್ಮ ರಾಶಿಗೂ ಅವರದ್ದಕ್ಕೂ ಸುಮಾರು 24 ಡಿಗ್ರಿ ವ್ಯತ್ಯಾಸ ಬರುತ್ತದೆ, ಗಾಬರಿ ಬೇಡ. ಹತ್ತು ಗಂಟೆಯ ಆಟಕ್ಕೆ ಹೋದರೆ ಜನ ಕಮ್ಮಿ.

ಹೆಜ್ಜೆ 9: ಊಟ

ಮಾಂಸ ತಿನ್ನುವವರಿಗೆ ಯೋಚನೆ ಇಲ್ಲ. ಸಸ್ಯಾಹಾರಿಗಳು "ಬೆಜ್ ಮಸಾ" ಅನ್ನೋದನ್ನು ಕಲಿಯಿರಿ, ಮಾಂಸ ಬೇಡ ಅಂತ. ಆದರೂ ಸೂಪಿನ ಬಗ್ಗೆ ಎರಡು ಸಲ ಕೇಳಿ. ಆಲೂಗಡ್ಡೆ ಸೂಪ್ ಅಂತ ಬರೆದಿದ್ದರೂ ನೀರು ಮಾಂಸದ್ದಿರಬಹುದು. ಎಲ್ಲ ಕಡೆ ಸಿಗೋದು ಸ್ಮಾಜೆನಿ ಸೀರ್. ಚೀಸ್ ತುಂಡಿಗೆ ಬ್ರೆಡ್ ಪುಡಿ ಹಚ್ಚಿ ಕರಿದು, ಆಲೂಗಡ್ಡೆ ಜತೆ ಕೊಡುತ್ತಾರೆ. ಒಂದು ಸಲ ಚೆಂದ, ಮೂರು ಹೊತ್ತು ಸಾಧ್ಯವಿಲ್ಲ. ಹಣ್ಣು ತುಂಬಿ ಬೇಯಿಸಿದ ಕಡುಬು ಸಿಕ್ಕರೆ ಬಿಡಬೇಡಿ, ಅಲ್ಲಿ ಅದನ್ನು ಊಟದ ಹಾಗೇ ತಿನ್ನುತ್ತಾರೆ. ಅನ್ನ-ಸಾರು ನೆನಪಾದರೆ ಧಾಬಾ ಬಿಯಾಸ್ ಅನ್ನುವ ಸಸ್ಯಾಹಾರಿ ಕ್ಯಾಂಟೀನುಗಳಿವೆ. ತಟ್ಟೆಗೆ ಬೇಕಾದ್ದು ಬಡಿಸಿಕೊಂಡು ತೂಕಕ್ಕೆ ದುಡ್ಡು ಕೊಡೋದು. ಹಸಿದಾಗ ತಟ್ಟೆ ಭಾರ ಆಗುತ್ತದೆ, ಜೋಪಾನ.

ಕೆಲಸದ ದಿನಗಳಲ್ಲಿ ಹನ್ನೊಂದರಿಂದ ಎರಡರವರೆಗೆ ಹೋಟೆಲುಗಳಲ್ಲಿ "ದೆನ್ನಿ ಮೆನು" ಇರುತ್ತದೆ, ಆಫೀಸಿನವರಿಗೆ ಅಂತ ಮಾಡುವ ಅಗ್ಗದ ಊಟ. ಸೋಮವಾರ ಅದನ್ನೇ ಹಿಡಿಯಿರಿ.

ಬಿಯರ್ ಕುಡಿಯುವವರಿಗೆ: ಹಳೇ ಪಬ್‌ಗಳಲ್ಲಿ ಟೇಬಲ್ ಮೇಲೆ ಒಂದು ಚೀಟಿ ಇಡುತ್ತಾರೆ. ಪ್ರತಿ ಗ್ಲಾಸಿಗೂ ಪೆನ್ನಿನಲ್ಲಿ ಒಂದು ಗೀಟು. ಆ ಚೀಟಿಯೇ ಬಿಲ್ಲು, ಅದರ ಮೇಲೆ ಏನೂ ಗೀಚಬೇಡಿ, ಕಳೆಯಬೇಡಿ. ಗ್ಲಾಸ್ ಖಾಲಿಯಾದರೆ ಕೇಳದೆಯೂ ಇನ್ನೊಂದು ಬರಬಹುದು. ಸಾಕಾದರೆ "ಜಪ್ಲಾತೀಮ್" ಅನ್ನಿ, ಲೆಕ್ಕ ಮಾಡುತ್ತಾರೆ. ಕುಡಿಯದವರು ಕೊಫೋಲಾ ಕೇಳಿ. 1960ರಲ್ಲಿ ಕಮ್ಯುನಿಸ್ಟ್ ಕಾಲದಲ್ಲಿ ಕೋಲಾಗೆ ಬದಲಾಗಿ ಮಾಡಿದ ಪಾನೀಯ, ಗಿಡಮೂಲಿಕೆ ರುಚಿ ಇದೆ, ಪಬ್‌ನಲ್ಲಿ ನಲ್ಲಿಯಿಂದಲೇ ಕೊಡುತ್ತಾರೆ.

ಬೀದಿ ಬೀದಿಯಲ್ಲಿ ಕೆಂಡದ ಮೇಲೆ ತಿರುಗುವ ಸಿಹಿ ಕೊಳವೆ ತ್ರ್ದೆಲ್ನಿಕ್. ಪ್ರಾಗ್‌ನ ಹಳೇ ತಿಂಡಿ ಅಂತ ಬೋರ್ಡ್ ಇರುತ್ತದೆ, ಅದು ಪ್ರವಾಸಿಗರಿಗೆಂದೇ ಇತ್ತೀಚೆಗೆ ಬಂದದ್ದು. ನಾಲ್ವರಿಗೆ ಒಂದು ಸಾಕು.

ಹೆಜ್ಜೆ 10: ಭಾನುವಾರ, ಯೋಸೆಫೊವ್ ಮತ್ತು ಲೆತ್ನಾ

ಬೆಳಗ್ಗೆ ಯಹೂದಿ ಬಡಾವಣೆ ಯೋಸೆಫೊವ್. ತೆರೆಯುವ ಹೊತ್ತಿಗೇ ಹೋಗಿ, ಮೊದಲು ಪಿಂಕಾಸ್ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ. ಗೋಡೆ ತುಂಬಾ, ಮೇಲಿಂದ ಕೆಳಗೆ, ಕೈಯಲ್ಲಿ ಬರೆದ ಹೆಸರುಗಳು. ನಾಜಿಗಳು ಕೊಂದ, ಚೆಕ್ ದೇಶದ ಬೊಹೀಮಿಯ, ಮೊರಾವಿಯ ಪ್ರಾಂತ್ಯಗಳ ಸುಮಾರು 78,000 ಯಹೂದಿಗಳು. ಊರು, ಮನೆತನದ ಹೆಸರು, ಆಮೇಲೆ ಒಬ್ಬೊಬ್ಬರ ಹೆಸರು, ಹುಟ್ಟಿದ ದಿನ. ಒಂದೇ ಮನೆಯ ಆರೇಳು ಜನ ಒಂದೇ ಸಾಲಿನಲ್ಲಿ. ಮಹಡಿ ಮೇಲೆ ನಾಜಿಗಳ ತೆರೆಜೀನ್ ಶಿಬಿರದಲ್ಲಿದ್ದ ಮಕ್ಕಳು ಬರೆದ ಚಿತ್ರಗಳಿವೆ. ಇಲ್ಲಿ ಗುಂಪಾಗಿ ನಡೆಯಬೇಡಿ, ಒಬ್ಬೊಬ್ಬರೇ ನೋಡಿ ಹೊರಗೆ ಸೇರಿ. ಹೊರಗೆ ಹಳೇ ಸ್ಮಶಾನ. ಜಾಗ ಸಾಲದೆ ಗೋರಿಯ ಮೇಲೆ ಗೋರಿ ಕಟ್ಟಿದ್ದರಿಂದ ಕಲ್ಲುಗಳು ಒಂದಕ್ಕೊಂದು ಒರಗಿ ನಿಂತಿವೆ.

ಮಧ್ಯಾಹ್ನದ ಮೇಲೆ ನದಿ ದಾಟಿ ಲೆತ್ನಾ ಗುಡ್ಡಕ್ಕೆ. ಅಲ್ಲಿ ರಾಷ್ಟ್ರೀಯ ತಾಂತ್ರಿಕ ವಸ್ತುಸಂಗ್ರಹಾಲಯ. ಹೆಚ್ಚಿನ ಪ್ರವಾಸಿಗರು ಬರೋದೇ ಇಲ್ಲ, ಮೈಸೂರಿನವರಂತೂ ತಪ್ಪಿಸಬಾರದು. ಸಾರಿಗೆಯ ದೊಡ್ಡ ಹಾಲ್‌ನಲ್ಲಿ ಛಾವಣಿಯಿಂದ ವಿಮಾನಗಳು ತೂಗುತ್ತವೆ, ಕೆಳಗೆ ಉಗಿಬಂಡಿ, ಕಾರು, ಸುತ್ತಲಿನ ಮಹಡಿಗಳಲ್ಲಿ ಮೋಟಾರ್ ಸೈಕಲ್ಲು. ಜಾವಾ ಹುಡುಕಿ. 1929ರಲ್ಲಿ ಯಾನೆಚೆಕ್ ಅನ್ನುವವನು ಜರ್ಮನಿಯ ವಾಂಡರರ್ ಕಂಪನಿಯ ಬೈಕ್ ವಿಭಾಗ ಕೊಂಡು ಪ್ರಾಗ್‌ನಲ್ಲಿ ಶುರು ಮಾಡಿದ್ದು. ಎರಡೂ ಹೆಸರಿನ ತಲೆ ಸೇರಿ ಜಾವಾ. ಅದರ ಪರವಾನಗಿ ತಗೊಂಡು ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಬಂತು. ಆಮೇಲೆ ಯೆಜ್ಡಿ ಆಯಿತು, 1996ರಲ್ಲಿ ಬಾಗಿಲು ಹಾಕಿತು. ಮನೆಯಲ್ಲಿ ಚಿಕ್ಕಪ್ಪನೋ ಅಜ್ಜನೋ ಯೆಜ್ಡಿ ಓಡಿಸಿದ್ದರೆ ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿ. ಕಿಕ್ಕರ್ ಮತ್ತು ಗೇರ್‌ಗೆ ಒಂದೇ ಲಿವರ್ ಇರುವ ಬಂಡಿ ಕಂಡರೆ ಅವರು ಅರ್ಧ ಗಂಟೆ ಫೋನ್ ಇಡೋದಿಲ್ಲ.

ಹೊರಗೆ ಬಂದು ಪಾರ್ಕಿನ ಅಂಚಿಗೆ ನಡೆಯಿರಿ. ಕೆಂಪು ಲೋಲಕದ ದೊಡ್ಡ ಮೆಟ್ರೊನೋಮ್, ಅಂದರೆ ಸಂಗೀತಗಾರರ ತಾಳದ ಯಂತ್ರದ ಆಕಾರದ ಶಿಲ್ಪ ಇರುವ ಜಾಗ. 1955ರಿಂದ 1962ರವರೆಗೆ ಅದೇ ಪೀಠದ ಮೇಲೆ ಸ್ಟಾಲಿನ್‌ನ ಭಾರೀ ಶಿಲ್ಪ ನಿಂತಿತ್ತು, ಆಮೇಲೆ ಸಿಡಿಸಿ ಕೆಡವಿದರು. ಈಗ ಹುಡುಗರು ಅಲ್ಲಿ ಸ್ಕೇಟಿಂಗ್ ಮಾಡುತ್ತಾರೆ. ಕೆಳಗೆ ವಲ್ತಾವಾ ನದಿ, ಅದರ ಮೇಲೆ ಸಾಲಾಗಿ ಸೇತುವೆಗಳು. ಗುಂಪಿನ ಫೋಟೋ ಇಲ್ಲಿ, ಸೂರ್ಯ ಮುಳುಗುವ ಅರ್ಧ ಗಂಟೆ ಮುಂಚೆ. ಚಿಪ್ಸ್, ಹಣ್ಣು ಸೂಪರ್‌ಮಾರ್ಕೆಟ್ಟಿನಿಂದ ತಂದಿಟ್ಟುಕೊಳ್ಳಿ.

ಹೆಜ್ಜೆ 11: ಸೋಮವಾರ ಮತ್ತು ವಾಪಸ್

ರೂಮ್ ಖಾಲಿ ಮಾಡಿ ಬ್ಯಾಗುಗಳನ್ನು ನಿಲ್ದಾಣದ ಲಾಕರಿನಲ್ಲಿಡಿ. ಮೆಟ್ರೋದಲ್ಲಿ ವಿಶೆಹ್ರಾದ್. ಹಳೇ ಕೋಟೆ, ಪ್ರವೇಶ ಉಚಿತ, ಗೋಡೆಯ ಮೇಲೆ ನಡೆದುಕೊಂಡು ನದಿ ನೋಡಬಹುದು. ಒಳಗಿನ ಸ್ಮಶಾನದಲ್ಲಿ ಸಂಗೀತ ರಚನಕಾರರಾದ ದ್ವೊರ್ಜಾಕ್, ಸ್ಮೆತಾನಾ, ಜತೆಗೆ ಮುಖಾ ಮಲಗಿದ್ದಾರೆ. ಶನಿವಾರ ಕೆಥೆಡ್ರಲ್‌ನಲ್ಲಿ ಕಿಟಕಿ ನೋಡಿದಿರಲ್ಲ, ಅದೇ ಮುಖಾ. ಕೆಳಗೆ ಇಳಿದು ದೆನ್ನಿ ಮೆನು ಊಟ.

ಹೊರಡುವ ಮೊದಲು ಉಳಿದ ಚಿಲ್ಲರೆ ಎಲ್ಲ ಒಬ್ಬರ ಕೈಗೆ ಸೇರಿಸಿ ರೈಲಿಗೆ ತಿಂಡಿ ತಗೊಳ್ಳಿ. ಕೊರುನಾ ನಾಣ್ಯವನ್ನು ಜರ್ಮನಿಯಲ್ಲಿ ಯಾರೂ ಬದಲಿಸಿ ಕೊಡೋದಿಲ್ಲ. ಯಾರದಾದರೂ ಪಾಸ್‌ಪೋರ್ಟ್ ಕಳೆದಿದ್ದರೆ ರೈಲು ಹತ್ತಬೇಡಿ. ಮೊದಲು ಪೊಲೀಸ್ ದೂರು, ಅದರ ಪ್ರತಿ, ಆಮೇಲೆ ಪ್ರಾಗ್‌ನಲ್ಲೇ ಇರುವ ಭಾರತದ ರಾಯಭಾರ ಕಚೇರಿ. ತುರ್ತು ಸಂಖ್ಯೆ 112.

ರೈಲಿನಲ್ಲಿ ಈ ಸಲ ಬಲಗಡೆ ಕೂರಿ, ನದಿ ಆ ಕಡೆ ಬಂದಿರುತ್ತದೆ. ದೆಚೀನ್ ದಾಟಿದ ಮೇಲೆ ಪಾಸ್‌ಪೋರ್ಟು, ಕಾರ್ಡು ಎರಡನ್ನೂ ಮೇಲಿನ ಬ್ಯಾಗಿನಿಂದ ತೆಗೆದು ಕೈಯಲ್ಲಿಟ್ಟುಕೊಳ್ಳಿ. ಮಲಗಿರುವವನನ್ನೂ ಎಬ್ಬಿಸಿ, ಪೊಲೀಸರು ಬಂದ ಮೇಲೆ ಹುಡುಕಾಡೋಕೆ ಶುರು ಮಾಡೋನು ಅವನೇ ಆಗಿರುತ್ತಾನೆ.